ತುಂಬೇತಿ ಎಂಬ ಮಾತು

ಮಕ್ಕಳನ್ನು ಅಪಾಯದಿಂದ ಕಾಪಾಡುವುದು ಯಾವುದೇ ನಾಗರಿಕ ಸಮಾಜದ ಮೊದಲ ಕರ್ತವ್ಯ. ಅದಕ್ಕೆ ತಕ್ಕ ಕಾಯಿದೆಗಳನ್ನು ಮಾಡಿ ಕಟ್ಟುನಿಟ್ಟಾಗಿ ನಡೆಸುವ ಮನೆತನಗಳೇ ಲೋಕದಲ್ಲಿ ಬಾಳುತ್ತವೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯನ್ನು ಮಕ್ಕಳಿಂದ ಕಾಪಾಡುತ್ತಿದ್ದರು. ಅದರ ಭರಣಿ ಅಡಿಗೆಮನೆಯ ಎತ್ತರದ ಹಲಗೆಯ ಮೇಲೆ, ಬಾಯಿಗೆ ಬಿಳಿ ಅರಿವೆ ಕಟ್ಟಿಸಿಕೊಂಡು, ಮೌನವ್ರತ ಹಿಡಿದವರ ಹಾಗೆ ಕೂತಿರುತ್ತಿತ್ತು. ಅದನ್ನು ಮುಟ್ಟಬೇಕಾದರೆ ಜಳಕ ಆಗಿರಬೇಕು, ಕೈ ಒಣಗಿರಬೇಕು, ಮದುವೆಯಾಗಿರಬೇಕು. ಬಂದೂಕಿಗೆ ಇಂಥ ಯಾವ ಕಟ್ಟಳೆಯೂ ಇರಲಿಲ್ಲ. ಅದು ಪಡಸಾಲೆಯ ಗೋಡೆಯ ಗೂಟಕ್ಕೆ ಅಜ್ಜನ ರುಮಾಲು ಮತ್ತು ಛತ್ರಿಯ ಜೊತೆ ತೂಗುತ್ತಿತ್ತು. ಗೂಟದ ಕೆಳಗೆ ವರ್ಷದ ಹನ್ನೆರಡು ತಿಂಗಳೂ ಜೋಳದ ಚೀಲಗಳು. ಆ ಚೀಲಗಳ ಮೇಲೆ ಹತ್ತಿ ಕುಣಿಯುವುದು ನಮ್ಮ ಮನೆಯ ಮಕ್ಕಳಿಗೆ ಹಿರಿಯರು ಒದಗಿಸಿದ್ದ ಒಂದೇ ಆಟದ ಬಯಲು.

ನರಗುಂದದ ಗುಡ್ಡದ ಬುಡದಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳ ಸಂಸಾರ, ಮೆಟ್ಟಿಲು ಹತ್ತಿದರೆ ಮನುಷ್ಯರ ಸಂಸಾರ. ಎರಡರಲ್ಲಿ ಹೆಚ್ಚು ಶಾಂತವಾದದ್ದು ಮೊದಲನೆಯದು. ಪಡಸಾಲೆ ಅಜ್ಜನ ರಾಜ್ಯ, ಅಡಿಗೆಮನೆ ಆಯಿಯ ರಾಜ್ಯ, ಅಂದರೆ ನನ್ನ ಅಪ್ಪನ ತಾಯಿಯದು. ಅಪ್ಪ ರೋಣದ ಪೇಟೆಯಲ್ಲಿ ಅರಳೆಯ ಅಡತಿ ಅಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಯಾವ ಜಗಳದಲ್ಲೂ ಎರಡೂ ಕಡೆಯವರಿಗೆ ‘ಹೌದ ಬಿಡ್ರಿ’ ಅನ್ನುತ್ತಿದ್ದ. ಮೂರನೆಯ ಕಡೆ ಇದ್ದಿದ್ದರೆ ಅವರಿಗೂ ಅನ್ನುತ್ತಿದ್ದ. ಅವ್ವ ಗಜೇಂದ್ರಗಡದವಳು. ಮದುವೆಯಾಗಿ ಎರಡು ಮಕ್ಕಳಾದರೂ ನಮ್ಮ ಮನೆಯಲ್ಲಿ ಅವಳ ಹೆಸರು ‘ಗಜೇಂದ್ರಗಡದಾಕಿ’. ಸೊಸೆಯಾದವಳು ಮಾವನ ಎದುರು ಬಂದು ಮಾತಾಡುವ ಪದ್ಧತಿ ಇರಲಿಲ್ಲ. ಅವಳು ಅಡಿಗೆಮನೆಯ ಹೊಸ್ತಿಲ ಒಳಗೆ ನಿಂತು ನನಗೆ ಹೇಳುವಳು, ನಾನು ಪಡಸಾಲೆಗೆ ಬಂದು ಅಜ್ಜನಿಗೆ ಹೇಳುವೆ. ಅಜ್ಜನಿಗೆ ಮೊದಲ ಸಲವೇ ಪೂರ್ತಿ ಕೇಳಿಸಿರುತ್ತಿತ್ತು. ಆದರೂ ಮಾತು ನನ್ನ ಬಾಯಿಂದ ಹಾದು ಬರುವ ತನಕ ಅವನು ಸಿಟ್ಟಿಗೇಳುತ್ತಿರಲಿಲ್ಲ. ಅಷ್ಟು ಶಿಸ್ತಿನ ಮನುಷ್ಯ. ಹಿರಿಯರಿಗೆ ಎದುರುತ್ತರ ಕೊಟ್ಟು, ಏಟು ತಿನ್ನದೆ, ಮೇಲೆ ‘ಹುಡುಗಿ ಚುರುಕೈತಿ’ ಅನ್ನಿಸಿಕೊಳ್ಳುವ ಇಂಥ ಹುದ್ದೆ ನನಗೆ ಮುಂದೆ ಎಲ್ಲಿಯೂ ಸಿಗಲಿಲ್ಲ. ನನ್ನ ನಾಲಿಗೆ ಇಷ್ಟು ಹರಿತ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ: ಅದನ್ನು ಮಸೆದದ್ದು ಅವ್ವ, ಮಸೆದ ಕಲ್ಲು ಅಜ್ಜ.

ಈ ಮನೆಯ ಭಾಷೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬಂದೂಕಿಗಿಂತ ಮೊದಲು ಹಾರಿದ್ದು ಅದೇ. ಮುಗಿದುಹೋದದ್ದನ್ನು ‘ಮುಗಿಯಿತು’ ಅನ್ನಬಾರದು, ಇಲ್ಲದ್ದನ್ನು ‘ಇಲ್ಲ’ ಅನ್ನಬಾರದು, ‘ಖಾಲಿ’ ಎಂಬ ಮಾತಂತೂ ಹೊಸ್ತಿಲು ದಾಟಿ ಒಳಗೆ ಬರಲೇಬಾರದು ಎಂದು ಆಯಿಯ ಅಪ್ಪಣೆ. ಹಾಗೆ ಅಂದುಬಿಟ್ಟರೆ ಲಕ್ಷ್ಮಿ ಮುನಿಯುತ್ತಾಳೆ. ಬಳೆ ಒಡೆದರೆ ‘ಹೆಚ್ಚಾದವು’, ದೀಪ ಆರಿದರೆ ‘ಶಾಂತ ಆತು’ ಅನ್ನುವುದು ಊರವರಿಗೆಲ್ಲ ರೂಢಿಯೇ. ಆಯಿ ಅಲ್ಲಿಗೆ ನಿಲ್ಲಲಿಲ್ಲ. ಉಪ್ಪಿನ ಮಡಕೆಯ ತಳ ಕಂಡರೆ ‘ಉಪ್ಪು ತುಂಬೇತಿ’, ಎಣ್ಣೆಯ ಗಡಿಗೆ ಬರಿದಾದರೆ ‘ಎಣ್ಣಿ ತುಂಬೇತಿ’. ಮದುವೆಯಾದ ಹೊಸದರಲ್ಲಿ ಅವ್ವ ‘ಎಣ್ಣಿ ತುಂಬೇತಿ’ ಎಂದು ಕೇಳಿಸಿಕೊಂಡು ಭಜಿಗೆ ಹಿಟ್ಟು ಕಲಸಿದಳಂತೆ. ಹಿಟ್ಟು ಕಲಸಿಯೇ ಉಳಿಯಿತು. ‘ನಮ್ಮ ಗಜೇಂದ್ರಗಡದಾಗ ಇಲ್ಲದ್ದಕ್ಕ ಇಲ್ಲ ಅಂತೀವ್ರಿ’ ಎಂದಳಂತೆ. ‘ಅದಕ್ಕ ನಿಮ್ಮಲ್ಲಿ ಏನೂ ಇಲ್ಲ’ ಎಂದಳಂತೆ ಆಯಿ. ಆಮೇಲೆ ಅವ್ವನೂ ಆ ಭಾಷೆ ಕಲಿತಳು. ನಾವು ಮಕ್ಕಳು ಹುಟ್ಟಿದ್ದೇ ಅದರಲ್ಲಿ. ಅಜ್ಜ ಅದನ್ನು ಹೆಂಗಸರ ಹುಚ್ಚು ಎಂದು ನಗುತ್ತಿದ್ದ. ಆದರೆ ಆಯಿಯ ಜೊತೆ ಅಷ್ಟು ವರ್ಷ ಬಾಳಿದ ಮೇಲೆ ಅವಳು ‘ತುಂಬೇತಿ’ ಅಂದರೆ ಪೇಟೆಗೆ ಹೋಗಲು ಚೀಲ ತಡಕುತ್ತಿದ್ದದ್ದೂ ಅವನೇ.

ಬಂದೂಕು ಕೇಪಿನದು. ನಳಿಗೆಯ ಬಾಯಿಂದ ಮದ್ದು, ಸೀಸದ ಛರ್ರೆ ಹಾಕಿ ಗಜದಿಂದ ಜಡಿದು, ಹಿಂದೆ ತಾಮ್ರದ ಕೇಪು ಕೂರಿಸಿ ಹಾರಿಸುವ ಹಳೆಯ ಸಾಮಾನು. ಹೊರಗಿನಿಂದ ನೋಡಿದರೆ ಒಳಗೆ ಮದ್ದು ಇದೆಯೋ ಇಲ್ಲವೋ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಚಿಕ್ಕನರಗುಂದದ ಕಡೆಗಿದ್ದ ನಮ್ಮ ಹೊಲದಲ್ಲಿ ಶೇಂಗಾಕ್ಕೆ ಚಿಗರಿ, ಅಂದರೆ ಜಿಂಕೆ, ಹಿಂಡಾಗಿ ಬಿದ್ದಾಗ ಅದು ಕೆಲವು ದಿನ ಅಲ್ಲಿ, ಕಾವಲಿನ ಆಳು ದ್ಯಾಮಣ್ಣನ ಹತ್ತಿರ ಇರುತ್ತಿತ್ತು. ಚಿಗರಿಗಳು ಅದಕ್ಕೆ ಅಂಜಿದ್ದನ್ನು ಯಾರೂ ಕಾಣಲಿಲ್ಲ. ಆದರೆ ಸರಕಾರದ ಪರವಾನಗಿ ಇದ್ದ ಬಂದೂಕು ಓಣಿಯಲ್ಲಿ ನಮ್ಮದೊಂದೇ. ಅಜ್ಜನ ಮಟ್ಟಿಗೆ ಅದು ಆಯುಧವಲ್ಲ, ಮೀಸೆಯ ಮುಂದುವರಿದ ಭಾಗ.

ಆ ವರ್ಷ ಮಹಾನವಮಿಯ ಖಂಡೇಪೂಜೆಗೆ, ಆಯುಧಗಳ ಪೂಜೆಗೆಂದು, ದ್ಯಾಮಣ್ಣ ಬಂದೂಕು ತಂದಾಗ ಅಜ್ಜ ಮನೆಯಲ್ಲಿರಲಿಲ್ಲ. ಆಯಿ ಬಾಗಿಲಲ್ಲಿ ನಿಂತು ಇಸಿದುಕೊಂಡಳು. ನಾನು ಅಲ್ಲೇ ಚೆಂಡು ಹೂವಿನ ಮಾಲೆ ಕಟ್ಟುತ್ತಿದ್ದೆ.

“ಆಯೀ, ಬಂದೂಕ ತುಂಬೇತ್ರಿ. ಯಜಮಾನ್ರಿಗೆ ಮರೀದ ಹೇಳ್ರಿ,” ಅಂದ ದ್ಯಾಮಣ್ಣ.

“ಆತು, ಹೇಳತೀನಿ. ಹೋಳಿಗಿ ತಿಂದು ಹೋಗೋ,” ಅಂದಳು ಆಯಿ.

ಅಜ್ಜ ಬಂದ ಮೇಲೆ ಮರೆಯದೆ ಹೇಳಿದಳು: “ಬಂದೂಕ ತುಂಬೇತಂತರಿ, ದ್ಯಾಮ ಹೇಳಿ ಹೋದ.”

“ಹಬ್ಬ ಆಗ್ಲಿ, ಮದ್ದು ತರಸೂಣಂತ,” ಅಂದ ಅಜ್ಜ.

ಇಷ್ಟೇ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಮರೆಯಲಿಲ್ಲ, ಯಾರೂ ಕುಡಿದಿರಲಿಲ್ಲ.

ಖಂಡೇಪೂಜೆ ನಮ್ಮ ಮನೆಯಲ್ಲಿ ಬಂದೂಕಿನ ಹುಟ್ಟುಹಬ್ಬದ ಹಾಗೆ ನಡೆಯುತ್ತಿತ್ತು. ಕುಡಗೋಲು, ಕೊಡಲಿ, ತಕ್ಕಡಿ, ಅಪ್ಪನ ಫೌಂಟನ್ ಪೆನ್ನು ಎಲ್ಲವೂ ಕಂಬಳಿಯ ಅಂಚಿನಲ್ಲಿ ಬಡ ನೆಂಟರ ಹಾಗೆ ಕೂರುತ್ತಿದ್ದವು, ನಡುವೆ ಬಂದೂಕು. ಅದಕ್ಕೆ ವಿಭೂತಿ, ಅರಿಷಿಣ, ಕುಂಕುಮ, ನಳಿಗೆಯ ಬಾಯಿಗೆ ಒಂದು ಚೆಂಡು ಹೂವು. ಪೂಜೆಯಾದ ಮೇಲೆ ಮನೆಯ ಗಂಡುಹುಡುಗನನ್ನು ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು, ಬಂದೂಕನ್ನು ಅಡ್ಡ ಹಿಡಿದು, ಅವನ ಬೆರಳಿನಿಂದ ಬಂದೂಕಿನ ಕುದುರೆ ಎಳೆಸುವುದು ಪದ್ಧತಿ. ಠಕ್ ಎಂದು ಸಪ್ಪಳ ಬಂದರೆ ಹುಡುಗ ಗಂಡಸಾದ ಎಂದು ಲೆಕ್ಕ. ಅಪ್ಪನೂ ಹೀಗೆಯೇ ಗಂಡಸಾಗಿದ್ದ. ಪರಿಣಾಮ ಮೇಲೆ ಹೇಳಿದ್ದೇನೆ. ನಾನು ಹೆಣ್ಣಾದ್ದರಿಂದ ನನಗೆ ವಿನಾಯಿತಿ. ಆರತಿಯ ತಾಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆ ವರ್ಷದ ಸರದಿ ನನ್ನ ತಮ್ಮ ಶಂಕ್ರನದು. ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸು. ಕೇಪು ಕೂತಿದ್ದ ಜಾಗದ ಮೇಲೆ ಅರಿಷಿಣ ಮೆತ್ತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

“ಎಳಿ ನನ್ನ ಹುಲಿ,” ಅಂದ ಅಜ್ಜ.

ಹುಲಿ ಎಳೆಯಿತು. ಆಮೇಲೆ ಏನಾಯಿತು ಎಂಬುದನ್ನು ಹೊಗೆ ಆರಿದ ಮೇಲೆಯೇ ನೋಡಿದೆವು. ಎತ್ತುಗಳು ಕಣ್ಣಿ ಹರಿದುಕೊಂಡು ಓಣಿಗೆ ಹೋಗಿದ್ದವು. ಮಾಳಿಗೆಯ ಮಣ್ಣು ಎಲ್ಲರ ತಲೆಯ ಮೇಲೆ. ಛರ್ರೆಗಳು ಪಡಸಾಲೆ ದಾಟಿ, ಅಡಿಗೆಮನೆಯ ಬಾಗಿಲ ಚೌಕಟ್ಟನ್ನು ಕಡಿದು, ಹಲಗೆಯ ಮೇಲಿದ್ದ ಉಪ್ಪಿನಕಾಯಿಯ ಭರಣಿಯನ್ನು ಚೂರು ಮಾಡಿದ್ದವು. ನಮ್ಮ ಮನೆಯಲ್ಲಿ ಭದ್ರವಾಗಿದ್ದ ಒಂದೇ ವಸ್ತು ಹೀಗೆ ಹೋಯಿತು. ಅವ್ವ ಹೋಳಿಗೆಯ ತಾಟು ಎತ್ತಲು ಬಗ್ಗಿದ್ದಳು. ಬಗ್ಗಿದ್ದರಿಂದ ಉಳಿದಳು. ಅವಳ ಬೆನ್ನ ಮೇಲೆಲ್ಲ ಕೆಂಪು ಕಂಡು ಆಯಿ ಚೀರಿದಳು. ಅದು ಉಪ್ಪಿನಕಾಯಿಯ ರಸ. ಶಂಕ್ರ ಅಳಲಿಲ್ಲ. ಎಡಗಿವಿ ಹಿಡಿದುಕೊಂಡು ಎಲ್ಲರ ಬಾಯಿಯನ್ನೂ ಒಬ್ಬೊಬ್ಬರದಾಗಿ ನೋಡುತ್ತ ಕೂತ. ನಾವು ಮಾತಾಡುತ್ತಿದ್ದೇವೆ, ಅವನಿಗೆ ಕೇಳಿಸುತ್ತಿಲ್ಲ ಎಂದು ಮೊದಲು ತಿಳಿದದ್ದು ಅವ್ವನಿಗೆ.

ದ್ಯಾಮಣ್ಣನನ್ನು ಕರೆಸಿ ವಿಚಾರಣೆ ನಡೆಯಿತು.

“ತುಂಬೇತಿ ಅಂತ ಹೇಳಿದ್ನೆಲ್ರೀ!” ಅಂದ ದ್ಯಾಮಣ್ಣ.

“ತುಂಬೇತಿ ಅಂತನ ನಾನೂ ಹೇಳೀನಲ್ಲ!” ಅಂದಳು ಆಯಿ.

“ತುಂಬೇತಿ ಅಂತನ ನಾನೂ ಕೇಳೀನಿ,” ಅಂದ ಅಜ್ಜ.

ಸಾಕ್ಷಿಗಳ ಹೇಳಿಕೆಯಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ. ಇಷ್ಟು ಸರ್ವಾನುಮತ ನಮ್ಮ ಮನೆಯಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಸಪ್ಪಳ ಊರಿಗೆಲ್ಲ ಕೇಳಿತ್ತು. ಸಂಜೆ ಪೊಲೀಸ್ ಫೌಜದಾರರು ಬಂದರು. ಕಂಬಳಿ ಹಾಸಿ ಕೂರಿಸಿ, ಚಹಾ ಕೊಟ್ಟು, ಪರವಾನಗಿ ತೋರಿಸಿದ್ದಾಯಿತು. ಎಲ್ಲ ಸರಿಯಾಗಿತ್ತು. ಅವರು ಹೋಳಿಗೆಯನ್ನು ಹೊಗಳುತ್ತಿರುವಾಗ ಅವ್ವ ಹೊಸ್ತಿಲ ಒಳಗಿಂದ ನನ್ನನ್ನು ಕರೆದು ಹೇಳಿದ್ದನ್ನು ನಾನು ಪಡಸಾಲೆಯ ನಡುವೆ ನಿಂತು, ಪಾಠ ಒಪ್ಪಿಸುವ ಹಾಗೆ ಕೈಕಟ್ಟಿ ಅವರನ್ನು ಕೇಳಿದೆ:

“ಅವ್ವ ಕೇಳತಾಳ್ರಿ, ಹುಡುಗರು ಇರೂ ಮನ್ಯಾಗ ಬಂದೂಕ ಎಲ್ಲಿ ಇಡಬೇಕಂತ ಕಾಯಿದೇದಾಗ ಐತಿ?”

“ಕಳ್ಳರ ಕೈಗೆ ಸಿಗದಂಗ ಇಡಬೇಕು ತಂಗಿ. ನನಗ ತಿಳದಮಟ್ಟಿಗೆ ಹುಡುಗರ ಸುದ್ದಿ ಅದರಾಗ ಇಲ್ಲ,” ಅಂದರು ಫೌಜದಾರರು.

ಒಳಗಿಂದ ಉತ್ತರ ಬಂತು, ನಾನು ದಾಟಿಸಿದೆ: “ಅವ್ವ ಅಂತಾಳ್ರಿ, ಶಂಕ್ರ ಕಳ್ಳ ಅಲ್ಲ. ಅಂದಮ್ಯಾಲ ಅವನ ಕೈಗೆ ಸಿಕ್ಕರ ನಡೀತೈತೇನ್ರಿ?”

ಫೌಜದಾರರು ನಕ್ಕರು. ಆಮೇಲೆ ಶಂಕ್ರನನ್ನು ನೋಡಿ, ನಗುವುದು ಬಿಟ್ಟು, ಟೊಪ್ಪಿಗೆ ಹಾಕಿಕೊಂಡರು.

“ಪರವಾನಗಿ ಐತಿ ಅಂತ ಸರಕಾರನ ಹೇಳೇತಿ. ನಿಮ್ಮವ್ವಗ ಇನ್ನೇನ ಬೇಕಂತ?” ಎಂದು ಅಜ್ಜ ಅವರು ಹೋದ ಮೇಲೆ ಗುಡುಗಿದ.

“ಪರವಾನಗಿ ಬಂದೂಕಿಗೆ ಐತಿ, ಶಂಕ್ರಗ ಇಲ್ಲ, ಅಂತಾಳ ಅಜ್ಜಾ. ಬಂದೂಕ ಮನಿ ಬಿಟ್ಟು ಹೋಗಬೇಕಂತ.”

“ಏ! ಆಯುಧ ಒಪ್ಪಿಸ್ರಿ ಅಂತ ಕಂಪನಿ ಸರಕಾರ ಕೇಳಿದಾಗ ಒಪ್ಪಸಲಾರದ ಊರಿದು! ಅವರಿಗೆ ಕೊಡಲಾರದ್ದು ಗಜೇಂದ್ರಗಡದಾಕಿಗೆ ಕೊಡತೀವೇನು?”

ಇತಿಹಾಸ ಬಂದಾಗ, ಹಬ್ಬಕ್ಕೆ ಮನೆಗೆ ಬಂದಿದ್ದ ಅಪ್ಪ ‘ಹೌದ ಬಿಡ್ರಿ’ ಎಂದ. ನಾನು ಹೊಸ್ತಿಲಿಗೆ ಹೋಗಿ ಬಂದೆ. “ಆಗಿನ ಅರಸರು ಆಯುಧ ಗುಡ್ಡದ ಮ್ಯಾಲ ಕೋಟೆಯೊಳಗ ಇಟ್ಟಿದ್ರಂತ. ಕೂಸು ಮಲಗೂ ಪಡಸಾಲ್ಯಾಗ ಅಲ್ಲಂತ.” ಅಪ್ಪ ಇದಕ್ಕೂ ‘ಹೌದ ಬಿಡ್ರಿ’ ಎಂದು, ರೋಣದಲ್ಲಿ ಕೆಲಸವಿದೆ ಎಂದು ಹೊರಟುಹೋದ.

ಅಜ್ಜ ದುಷ್ಟನಲ್ಲ. ಶಂಕ್ರನನ್ನು ಗಾಡಿಯಲ್ಲಿ ದವಾಖಾನೆಗೆ ಕರೆದುಕೊಂಡು ಹೋಗಿ ಬಂದು, ಅವನಿಗೆ ಕೇಳಿಸುತ್ತಿದ್ದ ಒಂದೇ ಕಿವಿಯಾದ ಬಲಗಿವಿಯ ಹತ್ತಿರ ಕೂತು ಕಥೆ ಹೇಳುತ್ತಿದ್ದ. ಆದರೆ ಬಂದೂಕು ಬಿಡಲಾರ. ಬಿಡಲಾರದವರೆಲ್ಲ ಹಿಡಿಯುವ ದಾರಿಯನ್ನೇ ಅವನೂ ಹಿಡಿದ: ಶಿಕ್ಷಣ. ತಪ್ಪು ಬಂದೂಕಿನದಲ್ಲ, ಮಕ್ಕಳ ಅಜ್ಞಾನದ್ದು. ಕನ್ನಡ ಸಾಲಿಯ ಮಾಸ್ತರರನ್ನು ಮನೆಗೆ ಕರೆಸಿ, ಶಂಕ್ರನಿಗೂ ನೆರೆಮನೆಯ ಅವನ ಜೊತೆಗಾರ ಈರನಿಗೂ ಪಾಠ ಶುರುವಾಯಿತು. ಮಾಸ್ತರರು ಪದ್ಯ ಕಟ್ಟಿದ್ದರು: ‘ಬಂದೂಕ ಕಂಡರ ಮುಟ್ಟೂದಿಲ್ಲ, ಹಿರಿಯರಿಗಿ ಹೇಳದ ಬಿಡೂದಿಲ್ಲ.’ ಹುಡುಗರು ಅದನ್ನು ಊಟಕ್ಕೆ ಕೂತಾಗ, ರೊಟ್ಟಿ ಮುರಿಯುವಾಗ, ಬಯಲಿಗೆ ಹೋಗುವಾಗ ಹಾಡಿದರು. ಅಲ್ಲಿಯವರೆಗೆ ರುಮಾಲಿನಷ್ಟೂ ಲಕ್ಷ್ಯಕ್ಕೆ ಬಾರದಿದ್ದ ಬಂದೂಕನ್ನು ಈಗ ಹಾಡುತ್ತ ಹಾಡುತ್ತ ತಲೆಯೆತ್ತಿ ನೋಡತೊಡಗಿದರು.

ಅವ್ವ ನನ್ನ ಕೈಲಿ ಹೇಳಿ ಕಳಿಸಿದಳು: ಪಾಠ ಬಂದೈತೋ ಇಲ್ಲೋ ಪರೀಕ್ಷೆ ಆಗಲಿ. ಅಜ್ಜ ಉತ್ಸಾಹದಿಂದ ಒಪ್ಪಿದ. ಅವ್ವ ಮೊದಲು ದ್ಯಾಮಣ್ಣನಿಂದ ನಳಿಗೆಗೆ ನೀರು ಹೊಯ್ಯಿಸಿ, ಅದು ತಿರುಗಿ ಅಂಗಳಕ್ಕೆ ಸುರಿಯುವುದನ್ನು ತಾನೇ ನಿಂತು ನೋಡಿದಳು. ಈಗ ಅವಳು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಒರೆಸಿದ ಬಂದೂಕನ್ನು ಪಡಸಾಲೆಯ ಕಂಬಳಿಯ ಮೇಲೆ ಇಟ್ಟು, ಅಜ್ಜ, ಮಾಸ್ತರರು, ಆಯಿ ದೇವರ ಕೋಣೆಯ ಬಾಗಿಲ ಸಂದಿಗೆ ನಿಂತರು. ನಾನೂ ಅವ್ವನೂ ಅಡಿಗೆಮನೆಯಲ್ಲಿ. ಹುಡುಗರನ್ನು ಓಣಿಯಿಂದ ಕೂಗಿ ಕರೆದೆವು.

ಬಂದರು, ಕಂಡರು, ನಿಂತರು. “ಬಂದೂಕ ಕಂಡರ ಮುಟ್ಟೂದಿಲ್ಲ,” ಎಂದು ಶಂಕ್ರ ಹಾಡಿದ. ಅಜ್ಜ ಮಾಸ್ತರರ ಭುಜ ತಟ್ಟಿದ್ದು ನನಗೆ ಕಂಡಿತು.

“ಮುಟ್ಟಬ್ಯಾಡಂತ ಹೇಳ್ಯಾರಲೇ,” ಅಂದ ಈರ, ಶಂಕ್ರನ ಬಲಗಿವಿಗೆ ಬಾಯಿಟ್ಟು.

“ನಾ ಎಲ್ಲಿ ಮುಟ್ಟೇನಿ? ನೋಡಾಕತ್ತೀನಿ,” ಅಂದ ಶಂಕ್ರ. ‘ಹಿರಿಯರಿಗಿ ಹೇಳದ ಬಿಡೂದಿಲ್ಲ’ ಎಂದು ಗುನುಗುತ್ತ ಮಂಡಿಯೂರಿ, ನಳಿಗೆಯನ್ನು ಎರಡೂ ಕೈಯಿಂದ ಎತ್ತಿ, ಅದರ ಬಾಯಿಗೆ ಕಣ್ಣು ಹಚ್ಚಿದ.

ಈರ ಆ ಕಡೆ ಕೂತು ಕುದುರೆಯ ಮೇಲೆ ಬೆರಳಿಟ್ಟ. “ಏನ ಕಾಣಸ್ತೈತೋ?”

“ಏನ್ ಕಾಣವಲ್ದು. ತುಂಬೇತಿ,” ಅಂದ ಶಂಕ್ರ. ನಮ್ಮ ಮನೆಯ ಹುಡುಗನಲ್ಲವೇ.

ಠಕ್ ಅಂದಿತು.

ದೇವರ ಕೋಣೆಯಲ್ಲಿ ಅಜ್ಜ ಗೋಡೆ ಹಿಡಿದು ಕೂತ. ಆಮೇಲೆ ಮಾಸ್ತರರು ಗಂಟಲು ಸರಿಮಾಡಿಕೊಂಡು, “ಬಾಯಿಪಾಠ ಪಕ್ಕಾ ಆಗೇತ್ರಿ. ಅರ್ಥ ಇನ್ನೊಂದೀಟ ಕೂಡಬೇಕು,” ಅಂದರು. “ಹೌದು,” ಅಂದ ಅಜ್ಜ, “ಇನ್ನಷ್ಟು ದಿನ ಕಲಸೂಣು.”

ಮಕ್ಕಳಿಗೆ ತಿಳಿಹೇಳಿದರೆ ಸಾಕು ಎನ್ನುವ ದೊಡ್ಡವರನ್ನು ಈ ವಯಸ್ಸಿನಲ್ಲೂ ಸಭೆಗಳಲ್ಲಿ ಕಾಣುತ್ತೇನೆ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಅವರನ್ನು ನಾನು ಒಪ್ಪುವುದಿಲ್ಲ. ಮರ್ಯಾದೆಗಾಗಿ ಕೂಡ ಒಪ್ಪುವುದಿಲ್ಲ. ತಿಳಿಹೇಳಿ, ಬೇಡ ಅನ್ನುವವರು ಯಾರು? ಆದರೆ ಗುಂಡಿ ಹಾಕಿಕೊಳ್ಳಲು ಬಾರದ ಕೂಸಿನ ತಲೆಯ ಮೇಲೆ ಬಂದೂಕಿನ ಜವಾಬ್ದಾರಿ ಹೇರಿ, ಅದನ್ನು ಗೂಟಕ್ಕೆ ನೇತುಹಾಕಿದ ಕೈಯನ್ನು ಬಿಟ್ಟುಬಿಡುವ ಪಾಠ ಎಂಥ ಪಾಠ? ಪಾಠ ಮಗುವಿಗೆ, ಬೀಗ ದೊಡ್ಡವರಿಗೆ. ಹೀಗೆ ಹೇಳಿದಾಗಲೆಲ್ಲ ನನ್ನನ್ನು ಒರಟು ಮುದುಕಿ ಅನ್ನುತ್ತಾರೆ. ಅನ್ನಲಿ. ನಾನು ಆ ಠಕ್ ಕೇಳಿದವಳು.

ಆ ದಿನ ಅವ್ವ ನನಗೆ ಏನೂ ಹೇಳಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ಬಂದು, ದೇವರ ಕೋಣೆಯಿಂದ ಹೊರಬಂದ ಅಜ್ಜನ ಎದುರು ನಿಂತಳು. ಅವಳ ದನಿಯನ್ನು ಆ ಕೋಣೆ ಮೊದಲ ಸಲ ನೇರವಾಗಿ ಕೇಳಿತು.

“ಇಲ್ರಿ ಮಾವನವರ. ಇನ್ನ ಕಲಸೂದು ಇಲ್ಲ.”

ಆಯಿ ಕಿವಿ ಮುಚ್ಚಿಕೊಂಡಳು. ಸೊಸೆ ಎದುರು ಮಾತಾಡಿದಳೆಂದಲ್ಲ, ಎರಡು ಸಲ ‘ಇಲ್ಲ’ ಎಂದಳೆಂದು. ಅವ್ವನಿಗೆ ಅದು ಕಂಡಿತು. ಅವಳ ಕೈಗೆ ಆಯುಧ ಸಿಕ್ಕಿದ್ದು ಆಗ.

ಮರುದಿನ ಅಜ್ಜನ ಅಬ್ಬಿಗೇರಿಯ ಸ್ನೇಹಿತರು, ದೊಡ್ಡ ಜಮೀನಿನವರು, ನರಗುಂದದ ಸಂತೆಗೆ ಬಂದವರು ಹಾಗೆಯೇ ನಮ್ಮಲ್ಲಿಗೆ ಬಂದಿದ್ದರು. ಅಜ್ಜ ಚಹಾ ಹೇಳಿದ. ಒಳಗಿಂದ ಅವ್ವನ ದನಿ ಓಣಿಗೆ ಕೇಳುವಂತೆ ಬಂತು.

“ಸಕ್ರಿ ಇಲ್ಲ!”

ಅತಿಥಿಗಳು ರುಮಾಲು ಸರಿಮಾಡಿಕೊಂಡರು. ಆಯಿ ಅಡಿಗೆಮನೆಗೆ ಓಡಿದಳು.

“ಚಾ ಪುಡಿ ಖಾಲಿ! ಅಕ್ಕಿ ಖಾಲಿ! ಜ್ವಾಳ ಮುಗದೈತಿ! ಈ ಮನ್ಯಾಗ ಏನೂ ಇಲ್ಲ!”

“ಹುಚ್ಚೀ, ಬಾಯಿ ಮುಚ್ಚ! ಕೈಯಾಗ ಡಬ್ಬಿ ತುಂಬಿ ತುಳಕಾಕತ್ತೈತಿ, ಖಾಲಿ ಅಂತೀಯಲ್ಲ?” ಎಂದು ಆಯಿ ಅಳುವ ದನಿಯಲ್ಲಿ ಕೂಗಿದಳು.

“ಈ ಮನ್ಯಾಗ ಬಂದೂಕ ತುಂಬಿದ್ದು ಖಾಲಿ ಆಗತೈತಿ. ಸಕ್ರಿ ಯಾಕ ಆಗಬಾರದ್ರಿ ಅತ್ತೀ?”

ಅಬ್ಬಿಗೇರಿಯವರು ಚಹಾ ಕುಡಿಯದೆ ಎದ್ದರು. ಅಜ್ಜ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ಕಂಬದ ಹತ್ತಿರ ನಿಂತ. ಮೀಸೆಗೆ ಕೈ ಹಾಕಿದ. ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಆಯಿ ಹೊರಗೆ ಬಂದಳು. ಅವಳು ಉಪ್ಪಿನಕಾಯಿಯ ಭರಣಿ ಇದ್ದ ಹಲಗೆಯ ಕಡೆಗೂ, ಮೂಲೆಯಲ್ಲಿ ಎಡಗಿವಿ ತಿಕ್ಕುತ್ತ ಕೂತ ಶಂಕ್ರನ ಕಡೆಗೂ ನೋಡಿದಳು.

“ತುಂಬೇತಿ ಅನ್ನೂದು ನನ್ನ ಬಾಯಾಗಿಂದ ಹಾದು ಬಂದ ಮಾತರೀ,” ಅಂದಳು ಅಜ್ಜನಿಗೆ. “ಆಕಿ ದಿನಾ ಹಿಂಗ ಒದರತಾಳ. ಒದರಲಿ, ಆಕೀದು ಖರೇ ಐತಿ. ಬಂದೂಕ ಇಲ್ಲ ಅನಸ್ರಿ ಈ ಮನ್ಯಾಗ. ಇಲ್ಲ ಅನಸ್ರಿ.”

ಆಯಿ ‘ಇಲ್ಲ’ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜ ಅವಳನ್ನು ನೋಡಿದ, ಅವ್ವನನ್ನು ನೋಡಿದ, ಆಮೇಲೆ ರೂಢಿಯಂತೆ ನನ್ನನ್ನು ನೋಡಿದ, ನಾನು ಏನಾದರೂ ದಾಟಿಸುತ್ತೇನೇನೋ ಎಂಬಂತೆ. ದಾಟಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರೆಲ್ಲ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದರು. ಅವ್ವ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಅಜ್ಜ ಆ ವಾರ ಬಂದೂಕನ್ನು ಸರಕಾರದ ಕಚೇರಿಗೆ ಒಪ್ಪಿಸಿ ಬಂದ. ಪರವಾನಗಿಯನ್ನು ಮತ್ತೆ ಹೊಸದು ಮಾಡಿಸಲಿಲ್ಲ.